ಖಲೀಲ್ ಸರ್ ಆಚೆ ಕರೆಯುವ ಹೊತ್ತು

ನಮ್ಮ ಮನೆಯ ಕುಕ್ಕರ್ ಕೂಗಿದಾಗಲೆಲ್ಲ ನಾನು ನಿಂತಲ್ಲೇ ಮಂಡಿ ಬಗ್ಗಿಸಿ ಎರಡೂ ಕೈ ಮೇಲೆತ್ತುತ್ತೇನೆ. ನಗಬೇಡಿ, ಬೇಕೆಂದು ಮಾಡುವುದಲ್ಲ. ತುಮಕೂರಿನ ಸದಾಶಿವನಗರದ ನಮ್ಮ ಪುಟ್ಟ ಅಡುಗೆಮನೆಯಲ್ಲಿ ಹೀಗೆ ಕೈ ಎತ್ತಿದರೆ ಒಂದು ಕೈ ಸೌಟುಗಳಿಗೂ ಇನ್ನೊಂದು ಸಾರಿನಪುಡಿ ಡಬ್ಬಕ್ಕೂ ತಗಲುತ್ತದೆ. ಮದುವೆಯಾದ ಹೊಸದರಲ್ಲಿ ಇದನ್ನು ನೋಡಿದ ನಮ್ಮತ್ತೆ ಗಾಬರಿಯಾಗಿ, "ಏನ್ ಮಗಾ, ಮೈಮೇಲೆ ಏನಾರಾ ಬತ್ತದಾ?" ಎಂದು ಮೆಲ್ಲಗೆ ಕೇಳಿದ್ದರು. ದೇವರು ಬರುವುದಿಲ್ಲ ಅತ್ತೆ, ನಮ್ಮ ಖಲೀಲ್ ಸರ್ ಬರುತ್ತಾರೆ ಎಂದರೆ ಇನ್ನೂ ಗಾಬರಿಯಾದಾರು ಎಂದು ಸುಮ್ಮನಾದೆ.

ಖಲೀಲ್ ಸರ್ ನಮ್ಮ ತುಮಕೂರಿನ ಕಾಲೇಜಿನಲ್ಲಿ ಪಿ.ಡಿ. ಆಗಿದ್ದವರು. ಆಟ ಆಡಿಸುವ ಮೇಷ್ಟರನ್ನು ಕಾಲೇಜುಗಳಲ್ಲಿ ಹಾಗೇ ಕರೆಯುವುದು. ಅವರು ವಿಷಲ್ ಊದಿದರೆ ಮೈದಾನದಲ್ಲಿರುವ ಹುಡುಗಿಯರೆಲ್ಲ, ಏನು ಮಾಡುತ್ತಿದ್ದರೂ ಬಿಟ್ಟು, ಎದುರಾಳಿಯನ್ನು ತಡೆಯುವವರ ಹಾಗೆ ಮಂಡಿ ಬಗ್ಗಿಸಿ ಕೈ ಎತ್ತಿ ನಿಲ್ಲಬೇಕು. ನೀರು ಕುಡಿಯುತ್ತಿದ್ದರೂ ಅಷ್ಟೆ, ಜಡೆ ಹೆಣೆದುಕೊಳ್ಳುತ್ತಿದ್ದರೂ ಅಷ್ಟೆ. ಓದಿದ ಪಾಠವೆಲ್ಲ ಮರೆತುಹೋಯಿತು, ಇದೊಂದು ಮೈಗೆ ಅಂಟಿಕೊಂಡುಬಿಟ್ಟಿತು. ಈಗ ಅದೇ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುತ್ತೇನೆ. ಪರೀಕ್ಷೆಯ ಮೇಲ್ವಿಚಾರಣೆ ಮಾಡುವಾಗ ಹೊರಗೆ ಟ್ರಾಫಿಕ್ ಪೊಲೀಸಿನವನು ಸೀಟಿ ಹೊಡೆದರೆ ನನ್ನ ಪಾಡು ನೀವೇ ಊಹಿಸಿಕೊಳ್ಳಿ.

ಬಾಸ್ಕೆಟ್‌ಬಾಲ್ ತಂಡಕ್ಕೆ ಸೇರಲು ನನಗಿದ್ದ ಒಂದೇ ಅರ್ಹತೆ ಎತ್ತರ. "ತೆಂಗಿನ ಮರಕ್ಕೆ ಲಂಗ ಉಡ್ಸಿದಂಗವ್ಳೆ, ಇವಳಿಗೆ ಗಂಡು ಎಲ್ಲಿಂದ ತರಾದು" ಎಂದು ನಮ್ಮಜ್ಜಿ ಕೊರಗುತ್ತಿದ್ದರು. ಖಲೀಲ್ ಸರ್ ಮಾತ್ರ ಕಾಲೇಜಿನ ಮೊದಲ ದಿನವೇ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಯಾವೂರಮ್ಮ ನಿಂದು?" ಎಂದರು. ಗುಬ್ಬಿ ಎಂದೆ. ಅವರ ಮುಖ ಅರಳಿತು. ಅವರದೂ ಗುಬ್ಬಿಯೇ. ವಿಚಾರಿಸಿದರೆ, ನಮ್ಮ ಬೀದಿಯ ತಿರುವಿನ ಹಾಸಿಗೆ ಅಂಗಡಿ ಅವರ ತಂದೆಯದು.

ಆ ಅಂಗಡಿಯ ಮುಂದೆ ನಾನು ಚಿಕ್ಕಂದಿನಲ್ಲಿ ಎಷ್ಟು ನಿಂತಿದ್ದೇನೋ. ಒಳಗೆ ದೊಡ್ಡ ಬಿಲ್ಲಿನಿಂದ ಹತ್ತಿ ಎಕ್ಕಿ ಬಿಡಿಸುತ್ತಿದ್ದರು. ಡಂಯ್ ಡಂಯ್ ಎಂದು ಸದ್ದಾದಾಗಲೆಲ್ಲ ಹತ್ತಿ ಬಾಗಿಲವರೆಗೂ ಹಾರಿ ಬರುತ್ತಿತ್ತು. ಶಾಲೆಗೆ ಹೋಗುವಾಗ ಎಣ್ಣೆ ಹಚ್ಚಿದ ನನ್ನ ತಲೆಗೆ ಅದು ಮೆತ್ತಿಕೊಂಡು, ತರಗತಿಯಲ್ಲಿ ನಾನು ಮುದುಕಿಯಂತೆ ಕೂತಿರುತ್ತಿದ್ದೆ. ಖಲೀಲ್ ಸರ್ ಹುಡುಗರಾಗಿದ್ದಾಗ ಹಳೇ ಹಾಸಿಗೆಯ ಬಟ್ಟೆಗೆ ಹತ್ತಿ ತುಂಬಿ, ಬಿಗಿಯಾಗಿ ಹೊಲಿದು, ಅದನ್ನೇ ಚೆಂಡು ಮಾಡಿಕೊಂಡು ಗೋಡೆಯ ಮೊಳೆಗೆ ಸಿಕ್ಕಿಸಿದ ಬುಟ್ಟಿಗೆ ಎಸೆಯುತ್ತಿದ್ದರಂತೆ. ಆ ಚೆಂಡು ನೆಲಕ್ಕೆ ಬಿದ್ದರೆ ಏಳುತ್ತಿರಲಿಲ್ಲ. ಆದ್ದರಿಂದಲೇ ತಮಗೆ ಪಾಸ್ ಕೊಡುವುದು ಚೆನ್ನಾಗಿ ಬಂತು ಎನ್ನುತ್ತಿದ್ದರು.

ನಮ್ಮ ಕಾಲೇಜಿನ ಅಂಕಣದ ಬಗ್ಗೆಯೂ ಒಂದು ಮಾತು ಹೇಳಬೇಕು. ಅದು ಕ್ಯಾಂಟೀನಿನ ಕಡೆಗೆ ಇಳಿಜಾರು. ಚೆಂಡು ಕೈತಪ್ಪಿದರೆ ಸೀದಾ ಹೋಗಿ ಬೋಂಡ ಕರಿಯುವವರ ಕಾಲ ಬಳಿ ನಿಲ್ಲುತ್ತಿತ್ತು. ಚೆಂಡು ತರಲು ಹೋದವಳು ಬಾಯಿ ಒರೆಸಿಕೊಂಡು ಬರುತ್ತಿದ್ದುದರಿಂದ ನಮ್ಮಲ್ಲಿ ಚೆಂಡು ಕೈತಪ್ಪುವುದು ಸ್ವಲ್ಪ ಹೆಚ್ಚೇ ಇತ್ತು. ಸರ್‌ಗೆ ಇದು ತಿಳಿಯದೆ ಇರಲಿಲ್ಲ. ಬೋಂಡದ ಕೊಬ್ಬು ಕರಗಲಿ ಎಂದೋ ಏನೋ, ಭಾನುವಾರ ನಮ್ಮನ್ನೆಲ್ಲ ಗುಬ್ಬಿ ಹತ್ತಿರದ ಕಡಬಕ್ಕೆ ಕರೆದುಕೊಂಡು ಹೋಗಿ ಕೆರೆ ಏರಿಯ ಮೇಲೆ ಓಡಿಸುತ್ತಿದ್ದರು.

ಒಂದು ಭಾನುವಾರ ಹೀಗೇ ನಾವೆಲ್ಲ ಏದುಸಿರು ಬಿಡುತ್ತಾ ಮುಂದೆ, ಸರ್ ಓಡ್ರಮ್ಮ, ಓಡ್ರಿ ಎಂದು ಕೂಗುತ್ತಾ ಹಿಂದೆ. ತೋಟದಿಂದ ಒಬ್ಬ ಅಜ್ಜ ದೊಣ್ಣೆ ಹಿಡಿದು ಏರಿ ಹತ್ತಿ ಬಂದವರೇ ಸರ್‌ಗೆ ಅಡ್ಡ ನಿಂತರು.

"ಯಾವನ್ಲಾ ನೀನು? ಹೆಣ್ಮಕ್ಳ ಅಟ್ಟುಸ್ಕೊಂಡ್ ಬತ್ತಿದೀಯಾ?"

"ಯಜಮಾನ್ರೇ, ನಾನು ಇವ್ರ ಮೇಷ್ಟ್ರು."

"ಮೇಷ್ಟ್ರಾದ್ರೆ ಪಾಠ ಮಾಡು. ಹಿಂಗ್ಯಾಕ್ ಅಟ್ಟಾಡುಸ್ತೀಯ?"

ಸರ್ ನನ್ನ ಕಡೆ ನೋಡಿದರು, ಸಾಕ್ಷಿ ಹೇಳಲಿ ಎಂದು. ನಾನು ಸೊಂಟ ಹಿಡಿದುಕೊಂಡು, "ಬುಡ್ಬೇಡಿ ತಾತ ಇವ್ರನ್ನ, ದಿನಾ ಹಿಂಗೇ ಮಾಡ್ತಾರೆ" ಎಂದೆ. ಕೊನೆಗೆ ವಿಷಯ ತಿಳಿದ ಮೇಲೆ ಆ ಅಜ್ಜ ನಕ್ಕೂ ನಕ್ಕೂ ಸಾಕಾಗಿ, ಎಲ್ಲರಿಗೂ ಎಳನೀರು ಕೆತ್ತಿಕೊಟ್ಟರು. ಮೊದಲನೆಯದನ್ನು ಸರ್ ಕೈಗೇ ಇಟ್ಟರು. ಆಮೇಲೆ ಪ್ರತಿ ಭಾನುವಾರವೂ ಅವರು ಅದೇ ಜಾಗದಲ್ಲಿ ನಿಂತು, ಹಿಂದೆ ಬಿದ್ದವರನ್ನು ದೊಣ್ಣೆ ಆಡಿಸಿ ಮುಂದಕ್ಕೆ ಓಡಿಸುತ್ತಿದ್ದರು.

ಇನ್ನೊಂದು ನೆನಪು ಬೆಂಗಳೂರಿನದು. ಮೊದಲ ಬಾರಿಗೆ ಒಳಾಂಗಣದಲ್ಲಿ ಆಡಲು ಹೋದೆವು. ಮರದ ನೆಲ, ಮುಖ ಕಾಣುವ ಹಾಗೆ ಹೊಳೆಯುತ್ತಿತ್ತು. ನಾವು ಯಾರೂ ಒಬ್ಬರಿಗೊಬ್ಬರು ಏನೂ ಹೇಳಿಕೊಳ್ಳಲಿಲ್ಲ. ಬಾಗಿಲಲ್ಲೇ ಬಗ್ಗಿ ಎಲ್ಲರೂ ಶೂ ಬಿಚ್ಚಿ ಸಾಲಾಗಿ ಇಟ್ಟು ಬರಿಗಾಲಲ್ಲಿ ಒಳಗೆ ಹೋದೆವು. ಅಂಥ ನೆಲದ ಮೇಲೆ ಯಾರಾದರೂ ಶೂ ಹಾಕಿಕೊಂಡು ಕಾಲಿಡುತ್ತಾರೆಯೇ? ಆ ಕಡೆಯ ತಂಡದವರು ಬಾಯಿ ಮುಚ್ಚಿಕೊಂಡು ನಗತೊಡಗಿದಾಗಲೇ ಗೊತ್ತಾಗಿದ್ದು. ಅವಮಾನದಿಂದ ತಿರುಗಿ ನೋಡಿದರೆ ಸರ್ ಕೂಡ ಬರಿಗಾಲಲ್ಲೇ ನಿಂತಿದ್ದರು. "ಹಾಕ್ಕೊಳ್ರಮ್ಮ, ಹಾಕ್ಕೊಳ್ರಿ. ಇಲ್ಲಿ ನಡೆಯುತ್ತಂತೆ" ಎಂದು ಹೇಳಿ, ತಮ್ಮ ಶೂ ಮಾತ್ರ ಕೊನೆಗೆ ಹಾಕಿಕೊಂಡರು.

ಅವತ್ತು ನಾನು ಇನ್ನೂ ದೊಡ್ಡ ಘನಕಾರ್ಯ ಮಾಡಿದೆ. ಅರ್ಧ ಆಟ ಮುಗಿದ ಮೇಲೆ ತಂಡಗಳು ಬುಟ್ಟಿ ಬದಲಾಯಿಸುತ್ತವೆ. ನನಗೆ ಅದು ನೆನಪಿರಲಿಲ್ಲ. ಅಪರೂಪಕ್ಕೆ ಚೆಂಡು ಕೈಗೆ ಸಿಕ್ಕಿದ್ದೇ ತಡ, ಎಲ್ಲರನ್ನೂ ತಪ್ಪಿಸಿಕೊಂಡು ಓಡಿ, ನಮ್ಮದೇ ಬುಟ್ಟಿಗೆ ಹಾಕಿದೆ. ಅದಕ್ಕೆ ಮೊದಲೂ ಆಮೇಲೂ ಅಷ್ಟು ಚೆನ್ನಾಗಿ ನಾನು ಎಂದೂ ಎಸೆದಿಲ್ಲ. ಚಪ್ಪಾಳೆ ತಟ್ಟಿದವರು ಆ ಕಡೆಯವರು. ನೆಲ ಬಾಯಿಬಿಡಬಾರದೆ ಎನ್ನಿಸಿತು, ಆದರೆ ಆ ನೆಲ ಗಟ್ಟಿ ಮರದ್ದು. ಸರ್ ನನ್ನನ್ನು ಆಚೆ ಕರೆದು ಬೆಂಚಿನಲ್ಲಿ ಕೂರಿಸಿ ಬೇರೆಯವಳನ್ನು ಕಳಿಸುತ್ತಾರೆ ಎಂದು ಕಾದೆ. ಕರೆಯಲಿಲ್ಲ. ಬೇಡಿಕೊಳ್ಳುವಂತೆ ಅವರ ಕಡೆ ನೋಡಿದೆ. ಅವರು ಛಾವಣಿ ನೋಡುತ್ತಿದ್ದರು. ಆಮೇಲೆ ಯಾವಾಗಲೋ ಗೆರೆ ದಾಟಿ ಹೋಗುತ್ತಿದ್ದ ಚೆಂಡಿನ ಮೇಲೆ ಬಿದ್ದು, ಮೊಣಕೈ ತರಚಿಕೊಂಡು, ಅದನ್ನು ಹೇಗೋ ಒಳಕ್ಕೆ ತಳ್ಳಿದೆ. ತಕ್ಷಣ ಸರ್ ಎದ್ದು ನಿಂತು, ಅಂಗೈ ತೋರಿಸಿ ಬಾ ಎಂದರು.

ವಾಪಸ್ಸು ಬರುವ ಬಸ್ಸಿನಲ್ಲಿ ಕೇಳಿದೆ, ಆಗಲೇ ಯಾಕೆ ಕರೆಯಲಿಲ್ಲ ಎಂದು.

"ತಪ್ಪಾದ್ ತಕ್ಷಣ ಕರೆದ್ರೆ ಆ ತಪ್ಪನ್ನೇ ಮನೆಗೆ ಹೊತ್ಕೊಂಡ್ ಹೋಗ್ತೀಯ ಕಣಮ್ಮ. ರಾತ್ರಿಯೆಲ್ಲ ಅದರ ಪಕ್ಕದಲ್ಲೇ ಮಲಗ್ಬೇಕು. ಒಂದಾದ್ರೂ ಸರಿಯಾಗಿ ಮಾಡ್ಲಿ ಅಂತ ಕಾಯ್ತೀನಿ, ಆಮೇಲೆ ಕರೀತೀನಿ."

ಅವರ ಕೋಚಿಂಗೆಲ್ಲ ಇಷ್ಟೇ ಎಂದರೆ ಉಳಿದವರು ಒಪ್ಪಲಿಕ್ಕಿಲ್ಲ. ನನಗೆ ಮಾತ್ರ ಇಷ್ಟೇ. ಸೋತರೂ ಸರಿ, ಯಾವ ಹುಡುಗಿಯನ್ನೂ ತಪ್ಪು ಮಾಡಿದ ಗಳಿಗೆಯಲ್ಲಿ ಅವರು ಆಚೆ ಕರೆದದ್ದನ್ನು ನಾನು ಕಾಣೆ.

ನಾನು ಓದು ಮುಗಿಸಿ, ಕೆಲಸ ಹಿಡಿದು, ಅದೇ ಕಾಲೇಜಿಗೆ ಬರುವ ಹೊತ್ತಿಗೆ ಸರ್ ತಲೆ ನೆರೆದಿತ್ತು. ತಂಡ ಮಾತ್ರ ನಮ್ಮ ಕಾಲದ ಹಾಗಿರಲಿಲ್ಲ, ನಿಜವಾಗಿ ಆಡುತ್ತಿತ್ತು. ಆಗ ಬಂದವಳು ಭಾಗ್ಯ. ಕುಣಿಗಲ್ ತಾಲ್ಲೂಕಿನ ಕೊತ್ತಗೆರೆಯ ಹುಡುಗಿ. ನನ್ನ ತರಗತಿಯಲ್ಲಿ ಕೊನೆಯ ಬೆಂಚಿನಲ್ಲಿ ಕೂತು, ಹಳಗನ್ನಡ ಶುರುವಾದ ಕೂಡಲೇ ನಿದ್ದೆ ಹೋಗುತ್ತಿದ್ದಳು. ಒಂದು ದಿನ ಸಿಟ್ಟಿನಿಂದ ಅವಳ ಆಟವನ್ನಾದರೂ ನೋಡೋಣ ಎಂದು ಹೋದೆ. ಆ ಇಳಿಜಾರು ಅಂಕಣದಲ್ಲಿ ಚೆಂಡು ಅವಳ ಕೈಯನ್ನು ಬಿಟ್ಟು ಕ್ಯಾಂಟೀನಿನ ಕಡೆ ಹೋಗಲೇ ಇಲ್ಲ. ಮಾರನೇ ದಿನದಿಂದ ಅವಳು ನಿದ್ದೆ ಹೋದರೆ ನಾನೇ ಸ್ವಲ್ಪ ಮೆತ್ತಗೆ ಪಾಠ ಮಾಡುತ್ತಿದ್ದೆ.

ಹೆಣ್ಣುಮಕ್ಕಳಿಗೆಂದು ವೃತ್ತಿಪರ ಲೀಗೊಂದು ಶುರುವಾದಾಗ ಒಂದು ತಂಡದವರು ಸರ್ ಅವರನ್ನು ಸಹಾಯಕ ಕೋಚ್ ಆಗಿ ಕರೆದರು. ಪಿ.ಡಿ. ಕೆಲಸ ಬಿಡಬೇಕಿತ್ತು. ಅವರ ಹೆಂಡತಿ ನಸೀಮಾ ಆಂಟಿ ನನ್ನನ್ನು ಕರೆಸಿ ದೂರು ಹೇಳಿದರು. "ನೀನಾದ್ರೂ ಬುದ್ಧಿ ಹೇಳಮ್ಮ ಸುಮಾ. ಮೊಮ್ಮಕ್ಕಳನ್ನ ಆಡಿಸೋ ವಯಸ್ಸಲ್ಲಿ ಇವ್ರು ಯಾರ್ದೋ ಮಕ್ಕಳನ್ನ ಆಡಿಸ್ತೀನಿ ಅಂತ ಹೊರಟವ್ರೆ." ನಾನು ಹೇಳಿದ ಬುದ್ಧಿ ಏನೆಂದರೆ, ಹೋಗಿ ಸರ್ ಎಂದು. ಆಂಟಿ ಕೆಲವು ದಿನ ನನ್ನ ಜೊತೆ ಮಾತು ಬಿಟ್ಟಿದ್ದರು.

ಮೊದಲಿಗೆ ಅಲ್ಲಿ ಸರ್ ಚೆಂಡು ಹೆಕ್ಕಿಕೊಡುವುದು, ಎದುರಾಳಿಗಳ ಆಟದ ವಿಡಿಯೋ ನೋಡುವುದು, ಇಷ್ಟೇ ಮಾಡಿಕೊಂಡಿದ್ದರು. ಆಮೇಲೆ ಮುಖ್ಯ ಕೋಚ್ ಬಿಟ್ಟುಹೋದಾಗ ಇವರೇ ಮುಖ್ಯ ಕೋಚ್ ಆದರು, ಭಾಗ್ಯಳನ್ನೂ ತಂಡಕ್ಕೆ ಕರೆಸಿಕೊಂಡರು. ಅಂಕಣಕ್ಕೆ ಕಾಲಿಡುವ ಮುಂಚೆ ಸರ್ ಬಗ್ಗಿ ಕರ್ಚೀಫಿನಿಂದ ಶೂ ತಳ ಒರೆಸಿಕೊಳ್ಳುವುದು ಮೊಬೈಲಿನಲ್ಲಿ ಕಾಣುತ್ತಿತ್ತು. ಅದೇನೋ ಶಕುನವಿರಬೇಕು ಎಂದು ವೀಕ್ಷಕ ವಿವರಣೆಯವರು ಮಾತಾಡಿಕೊಂಡರು. ಸ್ಟಾಫ್ ರೂಮಿನಲ್ಲಿ ಕೂತು ನೋಡುತ್ತಿದ್ದ ನನಗೆ ಮಾತ್ರ ನಗು ತಡೆಯಲಾಗಲಿಲ್ಲ. ಬರುಬರುತ್ತಾ ಎಲ್ಲೆಲ್ಲಿಂದಲೋ ಬಂದಿದ್ದ ಆಟಗಾರ್ತಿಯರೂ ಒಬ್ಬೊಬ್ಬರಾಗಿ ಶೂ ಒರೆಸಿಕೊಂಡು ಒಳಗೆ ಹೋಗತೊಡಗಿದರು.

ಆ ತಂಡದ ಮಾಲೀಕರಿಗೆ ಸರ್ ಬಗ್ಗೆ ಇದ್ದ ತಕರಾರು ಒಂದೇ. ತಪ್ಪು ಮಾಡಿದವಳನ್ನು ಕೂಡಲೇ ಆಚೆ ಕರೆಯಿರಿ, ಇದು ಕಾಲೇಜಲ್ಲ ಎನ್ನುತ್ತಿದ್ದರಂತೆ. ಗೆಲ್ಲುತ್ತಿದ್ದಷ್ಟು ದಿನ ಆ ಮಾತು ಮಾತಾಗಿಯೇ ಉಳಿಯಿತು. ಫೈನಲ್ಲಿಗೆ ಹೋಗುವ ಆಟದಲ್ಲಿ, ಇನ್ನೇನು ಮುಗಿಯಿತು ಎನ್ನುವಾಗ, ಭಾಗ್ಯ ಚೆಂಡು ಕಳೆದುಕೊಂಡಳು. ಮತ್ತೆ ಸಿಕ್ಕಿದ್ದನ್ನು ಎದುರಾಳಿಯ ಕೈಗೇ ಕೊಟ್ಟಳು. ಅವಳು ತಿರುಗಿ ತಿರುಗಿ ಸರ್ ಕಡೆ ನೋಡುತ್ತಿದ್ದುದು ನನ್ನ ಪುಟ್ಟ ಮೊಬೈಲಿನಲ್ಲೂ ಕಾಣುತ್ತಿತ್ತು. ಮಾಲೀಕರು ಕುರ್ಚಿಯಿಂದೆದ್ದು ಕೈ ಬೀಸುತ್ತಿದ್ದರು. ಬೆಂಚಿನಲ್ಲಿ ಒಳ್ಳೆಯ ಆಟಗಾರ್ತಿಯರು ಕಾದು ಕೂತಿದ್ದರು. ಸರ್ ಮಾತ್ರ ಛಾವಣಿ ನೋಡುತ್ತಾ ನಿಂತರು. ಅವಳು ಒಂದಾದರೂ ಸರಿಯಾಗಿ ಮಾಡಲಿ ಎಂದು ಕಾಯುತ್ತಿದ್ದಾರೆ ಎಂಬುದು ಅಲ್ಲಿದ್ದ ಯಾರಿಗೂ ಗೊತ್ತಿರಲಿಕ್ಕಿಲ್ಲ, ನನಗೆ ಗೊತ್ತಿತ್ತು. ಮಾಡು ಮಗಳೇ, ಒಂದೇ ಒಂದು ಮಾಡು ಎಂದು ನಾನು ಗಟ್ಟಿಯಾಗಿ ಹೇಳಿಬಿಟ್ಟೆ. ಅವಳು ಮಾಡುವ ಮೊದಲೇ ಹೊತ್ತು ಮುಗಿದು ತಂಡ ಸೋತುಹೋಯಿತು.

ಮಾರನೇ ದಿನ ಸರ್ ಅವರನ್ನು ಕೈಬಿಟ್ಟರು. ಭಾಗ್ಯ ಚೀಲ ಕಟ್ಟಿಕೊಂಡು ಊರಿಗೆ ಹೋದವಳು ಮತ್ತೆ ತಂಡಕ್ಕೆ ಹೋಗಲಿಲ್ಲ.

ಸರ್ ಗುಬ್ಬಿಗೆ ಬಂದು, ಈಗ ಅವರ ತಮ್ಮ ನಡೆಸುತ್ತಿದ್ದ ಅದೇ ಹಾಸಿಗೆ ಅಂಗಡಿಯಲ್ಲಿ ಕೂತರು. ಕಾಲೇಜಿನ ಹುಡುಗಿಯರನ್ನು ಆಡಿಸುವವರಿಲ್ಲದೆ ಅಂಕಣದಲ್ಲಿ ಹುಲ್ಲು ಬೆಳೆದಿತ್ತು. ಹೇಗಾದರೂ ಮಾಡಿ ಸರ್ ಅವರನ್ನು ಮತ್ತೆ ಬರಲು ಒಪ್ಪಿಸಿ ಎಂದು ಪ್ರಿನ್ಸಿಪಾಲರು ನನ್ನನ್ನು ಕಳಿಸಿದರು. ಹೋದಾಗ ಸರ್ ಯಾರದೋ ಹಾಸಿಗೆಗೆ ಅಳತೆ ಹಿಡಿಯುತ್ತಿದ್ದರು. ಈಗ ಬಿಲ್ಲಿನ ಸದ್ದಿಲ್ಲ, ಎಲ್ಲ ಮಿಷನ್ನು. ಆದರೂ ನನಗೆ ಎರಡು ಸಲ ಸೀನು ಬಂತು.

"ಆಗಲ್ಲ ಕಣಮ್ಮ" ಎಂದರು.

"ಯಾಕ್ ಸರ್? ಅವ್ರು ತೆಗೆದ್ರು ಅಂತ ಬೇಜಾರಾ?"

"ಅವ್ರ ಟೀಮು, ಅವ್ರು ತೆಗೆದ್ರು, ಬಿಡು. ನಾನು ಆ ಹುಡುಗೀನ ಅರ್ಧದಲ್ಲಿ ಬಿಟ್ಟು ಬಂದೆ. ಎರಡು ತಪ್ಪು ತಲೆ ಮೇಲೆ ಹೊತ್ಕೊಂಡ್ ಊರಿಗ್ ಹೋದ್ಲು. ಅವಳು ಅಲ್ಲಿ ಹಂಗ್ ಕೂತಿದ್ರೆ ನಾನಿಲ್ಲಿ ಇನ್ನೊಂದಷ್ಟು ಮಕ್ಕಳಿಗೆ ಏನಂತ ಹೇಳ್ಕೊಡ್ಲಿ?"

ನಸೀಮಾ ಆಂಟಿ ಒಳಗಿಂದ ಟೀ ತಂದವರು ನಿಂತೇ ಹೇಳಿದರು. "ಹಂಗಾದ್ರೆ ಹೋಗಿ ನೋಡ್ಕೊಂಡ್ ಬನ್ನಿ ಅಂದ್ರೆ ಅದಕ್ಕೂ ಭಯ ಇವ್ರಿಗೆ. ಇಲ್ಲಿ ಕೂತ್ಕೊಂಡು ನನ್ನ ಅಡುಗೆಗೆ ಕೋಚಿಂಗ್ ಕೊಡ್ತಾವ್ರೆ. ಈರುಳ್ಳಿ ಹಿಂಗ್ ಹಾಕು, ಹಂಗ್ ತಿರುವು. ಕರ್ಕೊಂಡ್ ಹೋಗಮ್ಮ, ಪುಣ್ಯ ಬರುತ್ತೆ." ಅವರ ದನಿಯಲ್ಲಿ ತಮಾಷೆಗಿಂತ ಸಂಕಟವೇ ಜಾಸ್ತಿ ಇತ್ತು.

ಕೊನೆಗೆ ಸರ್ ಎದ್ದು ಹೊರಟರು, ನಾವಿಬ್ಬರೂ ಬಸ್ಸು ಬದಲಾಯಿಸಿಕೊಂಡು ಕೊತ್ತಗೆರೆ ತಲುಪಿದೆವು. ಭಾಗ್ಯಳ ಮನೆಯ ಮುಂದಿನ ತೆಂಗಿನ ಮರಕ್ಕೆ ಅವಳಪ್ಪ ಬುಟ್ಟಿಯ ಬದಲಿಗೆಂದು ಹೊಡೆದುಕೊಟ್ಟಿದ್ದ ಕಬ್ಬಿಣದ ಬಳೆಯಿತ್ತು. ಅದಕ್ಕೆ ಹಗ್ಗ ಬಿಗಿದು ಸೀರೆ, ಟವೆಲು ಒಣಗಹಾಕಿದ್ದರು. ಹಸುವಿಗೆ ಹುಲ್ಲು ಹಾಕುತ್ತಿದ್ದ ಭಾಗ್ಯ ನಮ್ಮನ್ನು ನೋಡಿದವಳೇ ಒಳಗೆ ಹೋಗಿಬಿಟ್ಟಳು.

ಅವಳ ತಾಯಿ ಜಯಮ್ಮ ಚಾಪೆ ಹಾಸಿದರು. "ಬನ್ನಿ ಸಾರ್, ಬನ್ನಿ ಮೇಡಮ್ಮೋರೆ. ಬಂದಾಗಿಂದ ಹಿಂಗೇ ಅವ್ಳೆ. ಆ ಚೆಂಡ ಅಟ್ಟದ್ ಮ್ಯಾಲೆ ಎಸ್ದವ್ಳೆ. ಯಾರ್ನ ಕಂಡ್ರೂ ಮಾತಿಲ್ಲ. ನಾನೂ ಬೈದು ಬೈದು ಸಾಕಾಗೋಯ್ತು, ನೀವಾರಾ ಹೇಳಿ."

ಸರ್ ಬಾಗಿಲ ಕಡೆ ನೋಡಿ, ಮೆಲ್ಲಗೆ, "ಭಾಗ್ಯಾ, ಆಚೆ ಬಾಮ್ಮ" ಎಂದರು. ಸ್ವಲ್ಪ ಹೊತ್ತಾದ ಮೇಲೆ ಬಂದಳು. ಬಾಗಿಲಿಗೆ ಒರಗಿ ನೆಲ ನೋಡುತ್ತಾ ನಿಂತಳು.

"ಆ ಎರಡು ಚೆಂಡು ಮರ್ತುಬಿಡು ಕಣಮ್ಮ. ಎಲ್ರಿಗೂ ಆಗುತ್ತೆ."

"ಚೆಂಡು ಯಾವಾಗ್ಲೋ ಮರ್ತೆ ಸಾರ್" ಎಂದಳು ಭಾಗ್ಯ. "ಅವತ್ತು ನೀವು ನನ್ನ ಆಚೆ ಕರೀಬೇಕಿತ್ತು. ಕರ್ದಿದ್ರೆ ನಿಮ್ಮ ಕೆಲ್ಸ ಉಳ್ಯೋದು. ನನ್ನಿಂದ ಹೋಯ್ತು. ನೀವೇ ಅಂಗ್ಡೀಲಿ ಕುಂತಿದೀರಂತೆ, ನಾನು ಯಾವ್ ಮುಖ ಇಟ್ಕೊಂಡು ಆಡ್ಲಿ?"

ನಾನು ಸರ್ ಮುಖ ನೋಡಿದೆ. ಇವಳು ತನ್ನ ತಪ್ಪನ್ನು ಹೊತ್ತುಕೊಂಡು ಕೂತಿದ್ದಾಳೆ ಎಂದು ಇವರು ಅಲ್ಲಿ ಕೊರಗುತ್ತಿದ್ದರು. ಇವಳು ಹೊತ್ತುಕೊಂಡಿದ್ದು ಇವರನ್ನು. ಒಬ್ಬರಿಗಾಗಿ ಒಬ್ಬರು ಆಟ ಬಿಟ್ಟು, ಗುಬ್ಬಿಯಲ್ಲೊಬ್ಬರು ಕುಣಿಗಲ್ಲಿನ ಕಡೆ ಒಬ್ಬರು ಕೂತಿದ್ದರು. ನನಗೆ ಅಳು ಬಂತು, ಬೈಯಬೇಕು ಎಂದೂ ಅನ್ನಿಸಿತು.

ಸರ್ ಜಯಮ್ಮ ಕೊಟ್ಟಿದ್ದ ಕಾಫಿ ಲೋಟವನ್ನು ಕೆಳಗಿಟ್ಟರು. ಆಮೇಲೆ ನನ್ನ ಕಡೆ ತಿರುಗಿದರು. "ಸುಮಾ, ನಿಮ್ಮ ಪ್ರಿನ್ಸಿಪಾಲ್ರಿಗೆ ಹೇಳ್ಬಿಡು. ಸೋಮವಾರದಿಂದ ಬರ್ತೀನಿ."

ಭಾಗ್ಯ ತಲೆ ಎತ್ತಿದಳು. "ನಿಜವಾಗ್ಲೂನಾ ಸಾರ್?"

"ನೀನು ಬಂದ್ರೂ ಬರ್ತೀನಿ, ಬರ್ದಿದ್ರೂ ಬರ್ತೀನಿ. ನಂಗೆ ಬೇರೇನೂ ಬರಲ್ಲಮ್ಮ. ಹಾಸಿಗೆ ಅಳತೆನೂ ಸರಿಯಾಗಿ ಹಿಡಿಯಲ್ಲ ಅಂತ ತಮ್ಮ ಬೈತಾನೆ."

ಸೋಮವಾರ ಸರ್ ಬಂದರು. ಭಾಗ್ಯ ಬರಲಿಲ್ಲ. ಮಂಗಳವಾರವೂ ಬರಲಿಲ್ಲ. ಹುಡುಗಿಯರು ಹುಲ್ಲು ಕಿತ್ತು ಅಂಕಣಕ್ಕೆ ಗೆರೆ ಹಾಕಿದರು. ನಾನು ಬೆಳಿಗ್ಗೆ ಬೇಗ ಹೊರಟು, ಕ್ಯಾಂಟೀನಿನ ಕಟ್ಟೆಯ ಮೇಲೆ ಕೂತು, ಗೇಟಿನ ಕಡೆ ಕಣ್ಣು ಬಿಟ್ಟುಕೊಂಡಿರುತ್ತಿದ್ದೆ. ಸರ್ ಒಂದು ದಿನವೂ ಆ ಕಡೆ ನೋಡಲಿಲ್ಲ. ನೋಡದೆ ಇರಲು ಅವರು ಪಡುತ್ತಿದ್ದ ಕಷ್ಟ ನನಗೆ ಕಾಣುತ್ತಿತ್ತು.

ಆ ವಾರ ಮುಗಿಯುವ ಮೊದಲು ಒಂದು ಬೆಳಿಗ್ಗೆ ಕುಣಿಗಲ್ ಕಡೆಯ ಮೊದಲ ಬಸ್ಸು ಹಿಡಿದು ಭಾಗ್ಯ ಬಂದಳು. ಸರ್ ಯೋಗಕ್ಷೇಮ ಕೇಳಲಿಲ್ಲ. ಚೆಂಡನ್ನು ಅವಳ ಕಡೆ ಎಸೆದು, ಒಳಗೆ ಹೋಗು ಎಂದು ಕೈ ಮಾಡಿದರು.

ಅವಳ ಆಟ ನೋಡಲಾಗುತ್ತಿರಲಿಲ್ಲ. ಕೊಟ್ಟ ಚೆಂಡು ಬೇರೆಯವರ ಪಾಲಾಗುತ್ತಿತ್ತು, ಎಸೆದದ್ದು ಬುಟ್ಟಿಯ ಹತ್ತಿರವೂ ಹೋಗುತ್ತಿರಲಿಲ್ಲ. ಚಿಕ್ಕ ಹುಡುಗಿಯರು ಇವಳೇನಾ ಟಿವಿಯಲ್ಲಿ ಬಂದವಳು ಎಂದು ಪಿಸುಗುಟ್ಟಿಕೊಂಡರು. ಪ್ರತಿ ತಪ್ಪಿಗೂ ಅವಳು ತಿರುಗಿ ಸರ್ ಕಡೆ ನೋಡುತ್ತಿದ್ದಳು, ಈಗಲಾದರೂ ಕರೆಯಿರಿ ಎನ್ನುವ ಹಾಗೆ. ಬಯಲಿನಲ್ಲಿ ಛಾವಣಿ ಇಲ್ಲವಲ್ಲ, ಸರ್ ಆಕಾಶ ನೋಡುತ್ತಿದ್ದರು.

ಎಷ್ಟೋ ಹೊತ್ತಿನ ಮೇಲೆ ಭಾಗ್ಯಳ ಕೈಗೆ ಬುಟ್ಟಿಯ ಹತ್ತಿರ ಚೆಂಡು ಸಿಕ್ಕಿತು. ಅವಳನ್ನು ಇಬ್ಬರು ಮುತ್ತಿಕೊಂಡರು. ಅವಳು ಎಸೆಯಲು ಹೋಗಲಿಲ್ಲ. ಹಿಂದಕ್ಕೂ ನೋಡದೆ, ಯಾರೂ ಲೆಕ್ಕಕ್ಕಿಟ್ಟುಕೊಳ್ಳದ ಒಬ್ಬ ಹೊಸ ಹುಡುಗಿಯ ಕೈಗೆ ಚೆಂಡನ್ನು ತಲುಪಿಸಿದಳು. ಆ ಹುಡುಗಿ ತಾನೇ ನಂಬಲಾರದವಳಂತೆ ಅದನ್ನು ಬುಟ್ಟಿಗೆ ಹಾಕಿದಳು. ಎಲ್ಲರೂ ಕೂಗಿದರು. ನಾನೂ ಕಟ್ಟೆ ಇಳಿದು ನಿಂತೆ.

ಸರ್ ಎದ್ದು ನಿಂತಿದ್ದರು. ಬೆಂಚಿನ ತುದಿಯಲ್ಲಿದ್ದ ಹುಡುಗಿಯರನ್ನು ಸ್ವಲ್ಪ ಸರಿಯಿರಿ ಎಂದು ಸರಿಸಿ, ಭಾಗ್ಯಳ ಕಡೆ ಅಂಗೈ ತೋರಿಸಿದರು.

ಭಾಗ್ಯ ಸೊಂಟದ ಮೇಲೆ ಕೈಯಿಟ್ಟು ಏದುಸಿರು ಬಿಡುತ್ತಾ ನಿಂತಿದ್ದಳು. ಮುಖವೆಲ್ಲ ಬೆವರು.

"ಬರಲ್ಲ ಸಾರ್" ಎಂದಳು. "ಇವಾಗ್ ತಾನೆ ಬಂದಿದೀನಿ."

ಖಲೀಲ್ ಸರ್ ಕರೆದರೆ ಬರಲ್ಲ ಎಂದವರನ್ನು ಯಾರೂ ಕಂಡಿರಲಿಲ್ಲ. ಸರ್ ಎತ್ತಿದ ಕೈ ಹಾಗೇ ಎತ್ತಿಕೊಂಡು ಅವಳನ್ನೇ ನೋಡಿದರು. ಆಮೇಲೆ ಕೈಯನ್ನು ನಿಧಾನವಾಗಿ ಇಳಿಸಿ, ಬೆಂಚಿನ ಮೇಲೆ ಅವಳಿಗೆಂದು ಮಾಡಿಸಿದ್ದ ಜಾಗದಲ್ಲಿ ತಾವೇ ಹೋಗಿ ಕೂತರು.